ಆಟದ ಮೈದಾನವನ್ನು ಬಿಟ್ಟು ಬರಬೇಕೇ?

(ಬೀದರ್ ನಗರದಲ್ಲಿ ಭಾಲ್ಕಿ ಹಾಗೂ ಔರಾದ್ ತಾಲೂಕುಗಳ ಪಾಲಕರನ್ನೂ ಯುವಕರನ್ನೂ ಉದ್ದೇಶಿಸಿ ಮಾಡಿದ ಭಾಷಣದ ಬರಹರೂಪ)



2025ರ ಎಪ್ರಿಲ್ 27, ಭಾನುವಾರ. ಪಹಲ್ಗಾಮ್‌ನ ಘೋರ ಹತ್ಯಾಕಾಂಡ ನಡೆದು ಐದು ದಿನಗಳಾಗಿದ್ದವು. ಮಂಗಳೂರಿನ ಹೊರವಲಯದ ಕುಡುಪುವಿನಲ್ಲಿ ಸ್ಥಳೀಯ ಕ್ರಿಕೆಟ್ ಪಂದ್ಯಾವಳಿ ನಡೆಯುತ್ತಿತ್ತು. ಅಲ್ಲಿ ಕೇರಳದ ವಯನಾಡು ಮೂಲದ ಒಬ್ಬ ಬಡ ಮುಸ್ಲಿಮ್ ಯುವಕನನ್ನು ಗುಂಪೊಂದು ಹೊಡೆದು ಕೊಂದಿತು. ಅವನು ಪಾಕಿಸ್ತಾನದ ಪರ ಘೋಷಣೆ ಕೂಗಿದನೆಂಬುದು ಹೊಡೆದವರ ಕಡೆಯ ಮಾತು. ಕೂಗಿದ್ದನೆಂದೇ ಒಂದು ಕ್ಷಣ ಇಟ್ಟುಕೊಳ್ಳೋಣ. ಅದನ್ನು ವಿಚಾರಿಸಲು ಠಾಣೆಯಿದೆ, ನ್ಯಾಯಾಲಯವಿದೆ. ಬ್ಯಾಟು, ವಿಕೆಟ್ಟು ಹಿಡಿಯುವ ಕೈಗಳಿಗೆ ಆ ಅಧಿಕಾರವನ್ನು ಯಾರೂ ಕೊಟ್ಟಿಲ್ಲ. ಆದರೆ ನಾವು ಇಂದು ಮಾತನಾಡಬೇಕಾದದ್ದು ಅನಂತರ ನಡೆದುದರ ಬಗ್ಗೆ. ಪೊಲೀಸರು ಮೊದಲು ಅದನ್ನು ಅಸಹಜ ಸಾವು ಎಂದು ದಾಖಲಿಸಿಕೊಂಡರು. ಶವಪರೀಕ್ಷೆಯಲ್ಲಿ ಹೊಡೆತದ ಗಾಯಗಳು ಬಯಲಾದ ಮೇಲೆಯೇ ಗುಂಪುಹತ್ಯೆಯ ಪ್ರಕರಣವಾಯಿತು. ಕರ್ತವ್ಯಲೋಪಕ್ಕಾಗಿ ಒಬ್ಬ ಇನ್ಸ್‌ಪೆಕ್ಟರ್ ಸೇರಿದಂತೆ ಮೂವರು ಪೊಲೀಸರು ಅಮಾನತಾದರು.

ಅಂದಿನಿಂದ ಅನೇಕ ಮನೆಗಳಲ್ಲಿ ಒಂದು ಮಾತು ಕೇಳಿಬರುತ್ತಿದೆ: "ಬೇಟಾ, ಮ್ಯಾಚಿಗೆ ಹೋಗಬೇಡ." ಈ ಮಾತನ್ನು ಹೇಳುವ ತಾಯಿಯನ್ನು ನಾವು ಆಕ್ಷೇಪಿಸಲಾರೆವು. ಆದರೆ ಅದು ಸರಿಯಾದ ಉತ್ತರವೇ?

ಇದಕ್ಕೆ ಮೊದಲು ನಮ್ಮ ಮಕ್ಕಳು ಯಾವ ಪರಂಪರೆಯ ವಾರಸುದಾರರೆಂಬುದನ್ನು ಅವರಿಗೆ ತಿಳಿಸಬೇಕಾಗಿದೆ. ಬ್ರಿಟಿಷರ ಕಾಲದಲ್ಲಿ ಮುಂಬಯಿಯ ರೋವರ್ಸ್ ಕಪ್ ಎಂಬ ಫುಟ್ಬಾಲ್ ಪ್ರಶಸ್ತಿ ವರ್ಷ ವರ್ಷವೂ ಸೇನಾ ತುಕಡಿಗಳ ಪಾಲಾಗುತ್ತಿತ್ತು. 1937ರಲ್ಲಿ ಅದನ್ನು ಗೆದ್ದುಕೊಂಡು ಬಂದದ್ದು ನಮ್ಮದೇ ನಾಡಿನ ಬ್ಯಾಂಗಲೋರ್ ಮುಸ್ಲಿಮ್ಸ್ ತಂಡ. ಮರುವರ್ಷವೂ ಅವರೇ ಗೆದ್ದರು. ಇನ್ನು ನಮ್ಮ ಬೀದರ್ 1956ರ ತನಕ ಹೈದರಾಬಾದ್ ರಾಜ್ಯದಲ್ಲಿತ್ತಲ್ಲವೇ? ಆ ರಾಜ್ಯದ ಹೈದರಾಬಾದ್ ಸಿಟಿ ಪೊಲೀಸ್ ತಂಡ 1950ರಿಂದ 1954ರವರೆಗೆ ಸತತ ಐದು ವರ್ಷ ಅದೇ ಕಪ್ಪನ್ನು ಗೆದ್ದಿತು. ಪೊಲೀಸರೆಂದರೆ ಲಾಠಿ ಮಾತ್ರವಲ್ಲ, ಚೆಂಡನ್ನೂ ಬಲ್ಲವರಾಗಿದ್ದ ಕಾಲವದು! ಅವರನ್ನು ತಿದ್ದಿ ತೀಡಿದವರು ಸಯ್ಯದ್ ಅಬ್ದುಲ್ ರಹೀಮ್ ಸಾಹೇಬರು.

ರಹೀಮ್ ಸಾಹೇಬರ 1962ರ ಕಥೆಯನ್ನು ಯುವಕರು ಗಮನವಿಟ್ಟು ಕೇಳಬೇಕು. ಜಕಾರ್ತಾದ ಏಷ್ಯನ್ ಕ್ರೀಡಾಕೂಟಕ್ಕೆ ಇಸ್ರೇಲ್ ಮತ್ತು ತೈವಾನಿನ ಆಟಗಾರರನ್ನು ಇಂಡೋನೇಷ್ಯಾ ಬರಗೊಡಲಿಲ್ಲ. ಏಷ್ಯನ್ ಕ್ರೀಡಾ ಒಕ್ಕೂಟದ ಪದಾಧಿಕಾರಿಯಾಗಿದ್ದ ಭಾರತದ ಜಿ.ಡಿ. ಸೋಂಧಿಯವರು ಅದನ್ನು ವಿರೋಧಿಸಿದರು. ಅಷ್ಟಕ್ಕೇ ಇಡೀ ನಗರ ಭಾರತದ ವಿರುದ್ಧ ತಿರುಗಿಬಿದ್ದಿತು. ಸೆಪ್ಟೆಂಬರ್ 4ರಂದು ದಕ್ಷಿಣ ಕೊರಿಯಾದೊಂದಿಗೆ ಅಂತಿಮ ಪಂದ್ಯ. ಮೈದಾನದಲ್ಲಿ ಸುಮಾರು ಒಂದು ಲಕ್ಷ ಜನ. ನಮ್ಮವರ ಕಾಲಿಗೆ ಚೆಂಡು ಬಂದಾಗಲೆಲ್ಲ ಅಣಕದ ಕೂಗು. ತಂಡದಲ್ಲಿ ಯಾರಿದ್ದರು? ಹಿಂದೂ ನಾಯಕ ಚುನಿ ಗೋಸ್ವಾಮಿ, ಕ್ರೈಸ್ತ ಗೋಲ್‌ಕೀಪರ್ ಪೀಟರ್ ತಂಗರಾಜ್, ಸಿಖ್ ಜರ್ನೈಲ್ ಸಿಂಗ್, ಮುಸ್ಲಿಮ್ ತರಬೇತುದಾರ ರಹೀಮ್. ಗ್ಯಾಲರಿಯಲ್ಲಿ ಕೂಗುತ್ತಿದ್ದವರಲ್ಲಿ ಬಹುಪಾಲು ಮುಸ್ಲಿಮರು. ಜನಸ್ತೋಮ ವಿವೇಕ ಕಳೆದುಕೊಂಡರೆ ಅದಕ್ಕೆ ಧರ್ಮವೆಂಬುದಿರುವುದಿಲ್ಲ ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ಪಿ.ಕೆ. ಬ್ಯಾನರ್ಜಿ ಒಂದು, ತಲೆಗೆ ಪೆಟ್ಟು ಬಿದ್ದಿದ್ದ ಜರ್ನೈಲ್ ಒಂದು ಗೋಲು ಹೊಡೆದು ಭಾರತ 2-1ರಿಂದ ಚಿನ್ನ ಗೆದ್ದಿತು. ಅಂದು ಗ್ಯಾಲರಿಯಲ್ಲಿ ಭಾರತದ ಪರ ಕೂಗಿದ ಪುಟ್ಟ ಗುಂಪೊಂದು ಪಾಕಿಸ್ತಾನದ ಹಾಕಿ ತಂಡದ್ದಾಗಿತ್ತೆಂದು ಆ ಆಟಗಾರರು ಅನಂತರ ಸ್ಮರಿಸುತ್ತಿದ್ದರು. ಕ್ಯಾನ್ಸರ್ ಪೀಡಿತರಾಗಿದ್ದ ರಹೀಮ್ ಸಾಹೇಬರು ಮರುವರ್ಷ ತೀರಿಕೊಂಡರು.

ಈಗ ನಮ್ಮ ಪೊಲೀಸ್ ವ್ಯವಸ್ಥೆಯತ್ತ ಬರೋಣ. ಗಲಭೆಕೋರರು ಆಟವನ್ನು ತಡೆಯಲು ಬಂದಾಗ ಆಳುವವರು ಏನು ಮಾಡುತ್ತಾರೆ? 1991ರ ಅಕ್ಟೋಬರ್‌ನಲ್ಲಿ ಶಿವಸೇನೆಯ ಕಾರ್ಯಕರ್ತರು ಮುಂಬಯಿಯ ವಾಂಖೆಡೆ ಪಿಚ್ಚನ್ನು ಅಗೆದು ಹಾಕಿದರು. ಪಾಕಿಸ್ತಾನ ತಂಡದ ಪ್ರವಾಸವೇ ರದ್ದಾಯಿತು. ಅಂದರೆ ಗುದ್ದಲಿ ಗೆದ್ದಿತು. 1999ರ ಜನವರಿಯಲ್ಲಿ ದೆಹಲಿಯ ಕೋಟ್ಲಾದಲ್ಲಿಯೂ ಅದೇ ಗುದ್ದಲಿ ಬಂತು. ಈ ಸಲ ಸರಕಾರ ಹಿಂಜರಿಯಲಿಲ್ಲ. ಪಂದ್ಯಗಳ ಸ್ಥಳ ಅದಲು ಬದಲಾದವು, ಪಿಚ್ ಸರಿಪಡಿಸಲಾಯಿತು, ಭದ್ರತೆ ಬಿಗಿಯಾಯಿತು. ಹಾವು ಬಿಡುತ್ತೇವೆಂಬ ಬೆದರಿಕೆಗೆ ಹಾವಾಡಿಗರನ್ನೂ ಕರೆಸಿದ್ದರೆಂದು ಆಗ ಪತ್ರಿಕೆಗಳು ಬರೆದಿದ್ದವು. ಫೆಬ್ರವರಿ 7ರಂದು ಅದೇ ಪಿಚ್ಚಿನಲ್ಲಿ ನಮ್ಮ ಬೆಂಗಳೂರಿನ ಅನಿಲ್ ಕುಂಬ್ಳೆ ಒಂದೇ ಇನ್ನಿಂಗ್ಸಿನ ಹತ್ತೂ ವಿಕೆಟುಗಳನ್ನು 74 ರನ್ನಿಗೆ ಕಿತ್ತರು. ಅದಕ್ಕೊಂದು ವಾರ ಮೊದಲು ಚೆನ್ನೈಯಲ್ಲಿ 12 ರನ್ನಿನಿಂದ ಗೆದ್ದ ಪಾಕಿಸ್ತಾನ ತಂಡಕ್ಕೆ ಪ್ರೇಕ್ಷಕರು ಎದ್ದು ನಿಂತು ಚಪ್ಪಾಳೆ ತಟ್ಟಿದ್ದರು. ಅದೇ ತಿಂಗಳು ಕೊಲ್ಕತ್ತದ ಈಡನ್ ಗಾರ್ಡನ್ಸ್‌ನಲ್ಲಿ ಕಲ್ಲು ಬಾಟಲಿ ತೂರಾಟವಾದಾಗ ಪೊಲೀಸರು ಪ್ರೇಕ್ಷಕರನ್ನೇ ಹೊರಗಟ್ಟಿ ಪಂದ್ಯವನ್ನು ಖಾಲಿ ಮೈದಾನದಲ್ಲಿ ಮುಗಿಸಿದರು. ಕೆಲವರ ತಪ್ಪಿಗೆ ಸಾವಿರಾರು ಮಂದಿಗೆ ಶಿಕ್ಷೆ. ನಮ್ಮ ಅಭಿಪ್ರಾಯದಲ್ಲಿ ಕೋಟ್ಲಾದ ಮಾರ್ಗವೊಂದೇ ಪೊಲೀಸರಿಗೆ ಶೋಭೆ ತರುವಂಥದ್ದು. ಆಡುವವನನ್ನೂ ನೋಡುವವನನ್ನೂ ಕಾಯಬೇಕು, ಅಗೆಯುವವನನ್ನು ಹಿಡಿಯಬೇಕು.

ಆದರೆ ಹಿಡಿಯುವ ಕೈ ಎಲ್ಲರ ಮೇಲೂ ಒಂದೇ ಸಮನಾಗಿ ಬೀಳುತ್ತದೆಯೇ? 2017ರ ಜೂನ್ 18ರಂದು ಚಾಂಪಿಯನ್ಸ್ ಟ್ರೋಫಿಯ ಅಂತಿಮ ಪಂದ್ಯದಲ್ಲಿ ಭಾರತ ಸೋತಿತು. ಮಧ್ಯಪ್ರದೇಶದ ಬುರ್ಹಾನ್‌ಪುರ ಜಿಲ್ಲೆಯ ಮೊಹದ್ ಗ್ರಾಮದಲ್ಲಿ ಪಟಾಕಿ ಸಿಡಿಸಿ ಸಂಭ್ರಮಿಸಿದರೆಂದು 15 ಮುಸ್ಲಿಮರನ್ನು ರಾಜದ್ರೋಹದ ಆರೋಪದಲ್ಲಿ ಬಂಧಿಸಲಾಯಿತು. ಪೊಲೀಸರು ಯಾರ ಹೆಸರಿನಲ್ಲಿ ದೂರು ದಾಖಲಿಸಿದ್ದರೋ ಆ ಹಿಂದೂ ಸಹೋದರನೇ ಮುಂದೆ ಬಂದು, ತಾನು ಅಂಥ ದೂರು ಕೊಟ್ಟಿಲ್ಲವೆಂದು ಹೇಳಿದನು. ರಾಜದ್ರೋಹದ ಆರೋಪವನ್ನು ಕೆಲವೇ ದಿನಗಳಲ್ಲಿ ಕೈಬಿಡಲಾಯಿತು. ಆದರೆ ಮೊಕದ್ದಮೆ ಮುಗಿದು ಖುಲಾಸೆಯಾಗಲು 2023ರ ತನಕ ಕಾಯಬೇಕಾಯಿತು. ಕೂಲಿ ಮಾಡುವ ಮನೆಗಳಿಗೆ ಆರು ವರ್ಷ ಕೋರ್ಟು ಅಲೆಯುವುದೆಂದರೇನೆಂದು ಇಲ್ಲಿರುವವರಿಗೆ ವಿವರಿಸಬೇಕಾಗಿಲ್ಲ.

ನಮ್ಮ ಬೀದರಿನ ಅನುಭವವನ್ನೇ ನೋಡಿರಿ. 2020ರ ಜನವರಿಯಲ್ಲಿ ಶಾಹೀನ್ ಶಾಲೆಯ ಮಕ್ಕಳು ಆಡಿದ ಒಂದು ನಾಟಕಕ್ಕೆ ರಾಜದ್ರೋಹದ ಪ್ರಕರಣ ದಾಖಲಿಸುವಲ್ಲಿ ತಡವಾಗಲಿಲ್ಲ. ಒಬ್ಬ ಶಿಕ್ಷಕಿಯೂ ಒಬ್ಬ ಬಾಲಕಿಯ ತಾಯಿಯೂ ಜೈಲು ಕಂಡರು. ಎಳೆಯ ಮಕ್ಕಳ ವಿಚಾರಣೆ ನಡೆಯಿತು. ಶಾಲೆಯ ಆಡಳಿತದ ವಿರುದ್ಧದ ಆ ಪ್ರಕರಣವನ್ನು ಹೈಕೋರ್ಟು ರದ್ದುಪಡಿಸಿದ್ದು 2023ರ ಜೂನಿನಲ್ಲಿ. ಒಂದು ನಾಟಕಕ್ಕೆ ಅಷ್ಟು ವೇಗ, ಒಂದು ಹೆಣಕ್ಕೆ ಇಷ್ಟು ನಿಧಾನ ಏಕೆ ಎಂಬ ಪ್ರಶ್ನೆಯನ್ನು ನಾವು ಯಾವ ಪಕ್ಷದ ಸರಕಾರವಿದ್ದರೂ ಕೇಳಲೇಬೇಕು. ಇನ್ನೊಂದು ಮಗ್ಗುಲನ್ನೂ ಮರೆಯಬಾರದು. 2022ರ ಅಕ್ಟೋಬರ್‌ನಲ್ಲಿ ದಸರಾ ಮೆರವಣಿಗೆಯ ಗುಂಪು ಮಹಮೂದ್ ಗವಾನ್ ಮದರಸಾದ ಆವರಣಕ್ಕೆ ನುಗ್ಗಿ ಘೋಷಣೆ ಕೂಗಿ ಪೂಜೆ ಮಾಡಿತು. ಊರು ಹೊತ್ತಿ ಉರಿಯಬಹುದಿತ್ತು. ಒಂಬತ್ತು ಮಂದಿಯ ಮೇಲೆ ಪ್ರಕರಣ ದಾಖಲಾಯಿತು, ಬಂಧನಗಳಾದವು, ಊರು ಉಳಿಯಿತು. ಕಾನೂನು ಸಕಾಲದಲ್ಲಿ ಚಲಿಸಿದರೆ ಜನರು ಬೀದಿಗಿಳಿಯುವ ಅಗತ್ಯ ಬೀಳುವುದಿಲ್ಲ.

ಮೈದಾನವನ್ನು ಬಿಟ್ಟು ಬಂದವರ ಗತಿ ಏನಾಯಿತೆಂಬುದಕ್ಕೆ ದೂರದ ಒಂದು ಉದಾಹರಣೆ ಕೊಡುತ್ತೇವೆ. ಉತ್ತರ ಐರ್ಲೆಂಡಿನಲ್ಲಿ ಪ್ರಾಟೆಸ್ಟಂಟರೂ ಕ್ಯಾಥೊಲಿಕರೂ ಫುಟ್ಬಾಲ್ ಮೈದಾನದಲ್ಲಿಯೇ ಹಗೆ ತೀರಿಸಿಕೊಳ್ಳುತ್ತಿದ್ದರು. 1948ರ ಡಿಸೆಂಬರ್ 27ರಂದು ಪಂದ್ಯ ಮುಗಿಯುತ್ತಲೇ ಎದುರಾಳಿ ಬೆಂಬಲಿಗರು ಮೈದಾನಕ್ಕೆ ನುಗ್ಗಿ, ಕ್ಯಾಥೊಲಿಕರ ಮೆಚ್ಚಿನ ಬೆಲ್‌ಫಾಸ್ಟ್ ಸೆಲ್ಟಿಕ್ ತಂಡದ ಜಿಮ್ಮಿ ಜೋನ್ಸ್ ಎಂಬ ಆಟಗಾರನ ಕಾಲು ಮುರಿದರು. ವಿಪರ್ಯಾಸವೆಂದರೆ ಆತನೂ ಪ್ರಾಟೆಸ್ಟಂಟನೇ. ಪೊಲೀಸರು ರಕ್ಷಣೆಗೆ ಬರಲಿಲ್ಲವೆಂದು ತಂಡದವರು ನೊಂದು, 1949ರಲ್ಲಿ ಲೀಗಿನಿಂದಲೇ ಹೊರಬಂದರು. ಮತ್ತೆಂದೂ ಹಿಂದಿರುಗಲಿಲ್ಲ. ಸಾವಿರಾರು ಬಡ ಕುಟುಂಬಗಳಿಗೆ ಶನಿವಾರದ ಏಕೈಕ ಸಂತೋಷ ಇಲ್ಲವಾಯಿತು, ಗಲಭೆಕೋರರಿಗೇನೂ ನಷ್ಟವಾಗಲಿಲ್ಲ. ಅದೇ ನಾಡಿನ ಡೆರಿ ಸಿಟಿ ತಂಡ ಭದ್ರತೆಯ ಕಾರಣಕ್ಕೆ ಸ್ವಂತ ಮೈದಾನವನ್ನು ಕಳೆದುಕೊಂಡು 1972ರಲ್ಲಿ ಲೀಗು ಬಿಟ್ಟಿತ್ತು. ಆದರೆ ಅವರು ಸುಮ್ಮನೆ ಕೂಡಲಿಲ್ಲ. 1985ರಲ್ಲಿ ಗಡಿಯಾಚೆಯ ಲೀಗು ಸೇರಿ, ತಮ್ಮದೇ ಊರಿನ ಸ್ವಯಂಸೇವಕರಿಂದ ಮೈದಾನದ ಶಿಸ್ತು ಕಾಪಾಡಿಕೊಂಡು ಆಡತೊಡಗಿದರು.

ಇನ್ನು ನಮ್ಮ ಮನೆಯೊಳಗಿನ ಮಾತು. ಕುಲಾಭಿಮಾನಕ್ಕಾಗಿ ಕಾದಾಡುವವನನ್ನು ಪ್ರವಾದಿವರ್ಯರು(ಸ) ತಮ್ಮವನೆಂದು ಒಪ್ಪಲಿಲ್ಲ. ಹಾಗಿರುವಾಗ ಚೆಂಡಾಟದ ತಂಡವನ್ನು ಧರ್ಮದ ಧ್ವಜವನ್ನಾಗಿ ಮಾಡಿಕೊಳ್ಳುವುದು ಎಲ್ಲಿಯ ನ್ಯಾಯ? ಮುಂಬಯಿಯಲ್ಲಿ ಹಿಂದೂ, ಮುಸ್ಲಿಮ್, ಪಾರ್ಸಿ ಎಂದು ತಂಡ ಕಟ್ಟಿ ಆಡುತ್ತಿದ್ದ ಕ್ರಿಕೆಟ್ ಪಂದ್ಯಾವಳಿಯನ್ನು ಗಾಂಧೀಜಿ 1940ರಲ್ಲಿ ವಿರೋಧಿಸಿದ್ದರು. 1946ಕ್ಕೆ ಅದು ನಿಂತುಹೋಯಿತು. ಭಾಲ್ಕಿಯಲ್ಲಾಗಲಿ ಔರಾದಿನಲ್ಲಾಗಲಿ ನಮ್ಮ ಮೊಹಲ್ಲಾದ ಹುಡುಗರು ಮಾತ್ರವೇ ಸೇರಿ ತಂಡ ಕಟ್ಟುವ ಅಭ್ಯಾಸವಿದ್ದರೆ ಅದನ್ನು ಬಿಡಿರಿ. ಲಿಂಗಾಯತರ, ಮರಾಠರ, ದಲಿತರ ಮಕ್ಕಳನ್ನು ಕರೆಯಿರಿ, ಅವರ ತಂಡಗಳಲ್ಲಿ ನೀವೂ ಸೇರಿರಿ. ಹನ್ನೊಂದು ಮಂದಿಯಲ್ಲಿ ಐವರು ಅವರು, ಆರು ಮಂದಿ ನೀವಾದರೆ ಗುಂಪು ಯಾರನ್ನೆಂದು ಅಟ್ಟಿಸಿಕೊಂಡು ಬಂದೀತು? ಮೊಬೈಲಿನ ಸ್ಟೇಟಸ್‌ನಲ್ಲಿ ಪರದೇಶದ ತಂಡದ ಗೆಲುವಿಗೆ ಕುಣಿದು ಮನೆಯವರನ್ನು ಠಾಣೆಗೆ ಅಲೆಸುವ ಹುಡುಗಾಟಿಕೆ ಬೇಡ. ಅದು ಅಪರಾಧವೆಂದು ನಾವು ಹೇಳುತ್ತಿಲ್ಲ. ಮೊಹದ್ ಗ್ರಾಮದವರನ್ನು ನೆನೆದು ಹೇಳುತ್ತಿದ್ದೇವೆ.

ಪಂದ್ಯಾವಳಿ ನಡೆಸುವವರು ದಿನಾಂಕ ಗೊತ್ತಾದೊಡನೆ ಠಾಣೆಗೆ ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಎಲ್ಲ ಸಮುದಾಯಗಳ ಸ್ವಯಂಸೇವಕರ ಹೆಸರನ್ನೂ ಅದರಲ್ಲಿ ಬರೆಯಿರಿ. ಗುಂಪುಹತ್ಯೆಯನ್ನು ತಡೆಯಲು ಪ್ರತಿ ಜಿಲ್ಲೆಯಲ್ಲಿಯೂ ಎಸ್‌ಪಿ ದರ್ಜೆಗೆ ಕಡಿಮೆಯಿಲ್ಲದ ನೋಡಲ್ ಅಧಿಕಾರಿ ಇರಬೇಕೆಂದೂ, ಘಟನೆ ನಡೆದರೆ ತಡಮಾಡದೆ ಎಫ್‌ಐಆರ್ ಆಗಬೇಕೆಂದೂ, ಕರ್ತವ್ಯ ಮರೆತ ಅಧಿಕಾರಿಯ ಮೇಲೆ ಕ್ರಮವಾಗಬೇಕೆಂದೂ ಸುಪ್ರೀಮ್ ಕೋರ್ಟು 2018ರ ಜುಲೈ 17ರಂದು ತೆಹಸೀನ್ ಪೂನಾವಾಲಾ ಪ್ರಕರಣದಲ್ಲಿ ಆದೇಶಿಸಿದೆ. ಬೀದರ್ ಜಿಲ್ಲೆಯಲ್ಲಿ ಆ ಅಧಿಕಾರಿ ಯಾರು, ಆದೇಶದ ಪ್ರಕಾರ ಈವರೆಗೆ ಎಷ್ಟು ಸಭೆ ನಡೆದಿದೆ ಎಂದು ಮಾಹಿತಿ ಹಕ್ಕಿನಡಿ ಕೇಳಬಹುದು. ಶುಲ್ಕ 10 ರೂಪಾಯಿ. ಉತ್ತರಕ್ಕೆ 30 ದಿನಗಳ ಗಡುವು. ಆ ಅರ್ಜಿಯ ನಮೂನೆಯನ್ನು ಬಾಗಿಲ ಬಳಿಯ ಮೇಜಿನ ಮೇಲೆ ಇರಿಸಲಾಗಿದೆ. ಭಾಲ್ಕಿಯಿಂದ ಒಬ್ಬರು, ಔರಾದಿನಿಂದ ಒಬ್ಬರು, ನಗರದಿಂದ ಒಬ್ಬರು ಇಂದೇ ಸಹಿ ಮಾಡಿ ಹೋಗಬೇಕೆಂದು ಕೇಳಿಕೊಳ್ಳುತ್ತೇವೆ.