ಎಣ್ಣೆ ಸೋರಿಕೆ ಮತ್ತು ಕಾರ್ಬ್ಯುರೇಟರ್: ಹಳೇ ಬೈಕು ಇಟ್ಟುಕೊಂಡವರಿಗೆ ನಾಲ್ಕು ಮಾತು



ಮೊದಲೇ ಹೇಳಿಬಿಡ್ತೀನಿ, ನಾನು ಮೆಕ್ಯಾನಿಕ್ ಅಲ್ಲ. ಮೈಸೂರಲ್ಲಿ ಬಿ.ಕಾಂ. ಓದಿ, ಈಗ ಮರ್ಫಿಯಲ್ಲಿದ್ದುಕೊಂಡು ಲೆಕ್ಕ ಬರೆಯೋನು. ಬೈಕಿನ ವಿಷಯಕ್ಕೆ ಇವನ್ಯಾಕೆ ಬಂದ ಅಂತ ನಿಮಗನ್ನಿಸಬಹುದು. ತಿಳೀದೆ ಬೈಕು ಬಿಚ್ಚಿ, ದುಡ್ಡು ಕಳಕೊಂಡು, ಒಂದು ರಾತ್ರಿ ಮನೆಗೇ ಬೆಂಕಿ ಬೀಳೋ ಹಂತಕ್ಕೆ ಹೋಗಿ ಬಂದವನು ನಾನು. ಡಲ್ಲಾಸ್, ಹೂಸ್ಟನ್, ಆಸ್ಟಿನ್ ಕಡೆ ಇರೋ ನಮ್ಮವರಲ್ಲಿ ಕೆಲವರು ಎರಡನೇ ಕಾರಿನ ಖರ್ಚು ಬೇಡ ಅಂತ ಹಳೇ ಬೈಕು ತಗೊಂಡಿದ್ದೀರಿ. ನಾನು ಮಾಡಿದ ತಪ್ಪು ನೀವು ಮಾಡಬಾರದು, ಅಷ್ಟೇ ಈ ಮಾತಿನ ಉದ್ದೇಶ.

ನಮ್ಮಪ್ಪನ ಹತ್ತಿರ ಯೆಜ್ಡಿ ಇತ್ತು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಬೈಕು. 1996ರಲ್ಲಿ ಆ ಕಾರ್ಖಾನೆ ಬಾಗಿಲು ಹಾಕಿತು. ಯೆಜ್ಡಿ ಟೂ ಸ್ಟ್ರೋಕ್. ಪೆಟ್ರೋಲಿಗೆ ಆಯಿಲ್ ಬೆರೆಸಿಯೇ ಹಾಕಬೇಕಿತ್ತು. ಸ್ವಲ್ಪ ಹೊಗೆ, ಸ್ವಲ್ಪ ಜಿಡ್ಡು ಎಲ್ಲ ಮಾಮೂಲು ಅಂತ ನೋಡಿಕೊಂಡೇ ನಾನು ಬೆಳೆದೆ. ಇಲ್ಲಿ ನಮಗೆ ಸಿಗುವ ಹಳೇ ಬೈಕುಗಳು ಹೆಚ್ಚಿನವು ಫೋರ್ ಸ್ಟ್ರೋಕ್. ಇವುಗಳಲ್ಲಿ ಪೆಟ್ರೋಲ್ ಬೇರೆ, ಎಂಜಿನ್ ಆಯಿಲ್ ಬೇರೆ. ಎರಡೂ ಸೇರಿತು ಅಂದ್ರೆ ಏನೋ ಕೆಟ್ಟಿದೆ ಅಂತಲೇ ಅರ್ಥ. ಈ ವ್ಯತ್ಯಾಸ ತಲೆಯಲ್ಲಿ ಇಲ್ಲದ್ದೇ ನನಗೆ ದುಬಾರಿಯಾಯಿತು.

ನಾನು ಕೊಂಡದ್ದು 1981ರ ಎರಡು ಸಿಲಿಂಡರಿನ ಬೈಕು. ತಿಂಗಳೊಳಗೆ ಗ್ಯಾರೇಜಿನ ನೆಲದ ಮೇಲೆ ಎಣ್ಣೆ ಕಲೆ ಕಂಡಿತು. ಎಂಜಿನ್ ಮೇಲಿನ ಮುಚ್ಚಳದ ಗ್ಯಾಸ್ಕೆಟ್ ಹೋಗಿರಬೇಕು ಅಂದುಕೊಂಡು ಹೊಸದು ತರಿಸಿ ಹಾಕಿದೆ. ಒಂದು ವಾರಕ್ಕೆ ಮತ್ತೆ ಕಲೆ. ಸಂದಿ ಸಂದಿಗೂ ಸೀಲೆಂಟ್ ಬಳಿದೆ. ಆಗಲೂ ನಿಲ್ಲಲಿಲ್ಲ. ಎರಡು ವಾರಾಂತ್ಯ ಹೋಯಿತು, ಕಾಸೂ ಹೋಯಿತು. ಕೊನೆಗೆ ಸುಮ್ಮನೆ ಆಯಿಲ್ ಅಳೆಯೋ ಕಡ್ಡಿ ಎತ್ತಿ ನೋಡಿದೆ. ಮೇಲಿನ ಗೆರೆಗಿಂತಲೂ ಮೇಲಿತ್ತು!

ಈಗ ನೀವೇ ಹೇಳಿ. ದಿನಾ ಸೋರುತ್ತಿರೋ ಎಂಜಿನ್ನಲ್ಲಿ ಎಣ್ಣೆ ಹೆಚ್ಚಾಗೋದು ಹೇಗೆ? ಖರ್ಚು ಆಗ್ತಾ ಇದ್ದರೂ ಕೈಯಲ್ಲಿರೋ ನಗದು ಏರುತ್ತಿದೆ ಅಂದ್ರೆ, ಪುಸ್ತಕಕ್ಕೆ ಬರೆಯದ ಜಮಾ ಎಲ್ಲೋ ಇದೆ ಅಂತ ಲೆಕ್ಕದವನಿಗೆ ಗೊತ್ತಾಗಬೇಕು. ಕಡ್ಡಿ ಮೂಸಿದೆ. ಪೆಟ್ರೋಲ್ ವಾಸನೆ. ಕಾರ್ಬ್ಯುರೇಟರಿನ ಒಳಗೆ ತೂಬು ಸರಿಯಾಗಿ ಮುಚ್ಚದೆ, ರಾತ್ರಿಯೆಲ್ಲ ಪೆಟ್ರೋಲ್ ಸಿಲಿಂಡರಿಗೆ ಇಳಿದು, ಅಲ್ಲಿಂದ ಎಂಜಿನ್ ಆಯಿಲಿಗೆ ಸೇರುತ್ತಿತ್ತು. ತೆಳ್ಳಗಾಗಿ ಹೆಚ್ಚಾದ ಎಣ್ಣೆ ಗಾಳಿ ಪೈಪಿನಿಂದ, ಹಳೇ ಸೀಲುಗಳಿಂದ ಹೊರಗೆ ಬರುತ್ತಿತ್ತು. ಎರಡು ಕಾಯಿಲೆ ಅಂದುಕೊಂಡದ್ದು ಒಂದೇ ಕಾಯಿಲೆ.

ಅದಕ್ಕಿಂತ ಭಯ ಹುಟ್ಟಿಸಿದ್ದು ಇನ್ನೊಂದು. ಅದೇ ಗ್ಯಾರೇಜಿನ ಮೂಲೆಯಲ್ಲಿ ಗ್ಯಾಸಿನ ವಾಟರ್ ಹೀಟರ್ ಇತ್ತು, ಒಳಗೆ ಸಣ್ಣ ಜ್ವಾಲೆ ಸದಾ ಉರಿಯುತ್ತಿತ್ತು. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ನೆಲದ ಮೇಲೇ ಹರಿದುಕೊಂಡು ಹೋಗುತ್ತದೆ. ಗೋಡೆಯ ಆಚೆ ಮಕ್ಕಳು ಮಲಗಿದ್ದರು. ಆ ರಾತ್ರಿ ಬೈಕನ್ನ ಹೊರಗೆ ತಳ್ಳಿ ನಿಲ್ಲಿಸಿದ ಮೇಲೂ ನನಗೆ ನಿದ್ದೆ ಬರಲಿಲ್ಲ.

ಹಾಗಾಗಿ ಮೊದಲ ಮಾತು ಬೆಂಕಿಯದು. ಪೆಟ್ರೋಲ್ ಕೆಲಸ ಏನಿದ್ದರೂ ಮನೆಯ ಹೊರಗೆ, ನೆರಳಲ್ಲಿ, ಎಂಜಿನ್ ಪೂರ್ತಿ ತಣ್ಣಗಾದ ಮೇಲೆ. ಬ್ಯಾಟರಿಯ ನೆಗೆಟಿವ್ ವೈರ್ ಬಿಚ್ಚಿಡಿ. ಪೆಟ್ರೋಲ್ ಬೆಂಕಿಗೆ ಆಗುವ, ಬಿ ವರ್ಗದ ಅಗ್ನಿಶಾಮಕ ಪಕ್ಕದಲ್ಲಿರಲಿ. ಈ ಬೆಂಕಿಗೆ ನೀರು ಹಾಕಬಾರದು. ಅಪಾರ್ಟ್‌ಮೆಂಟಿನಲ್ಲಿದ್ದರೆ ಬಾಡಿಗೆ ಕರಾರು ಓದಿಕೊಳ್ಳಿ, ಪಾರ್ಕಿಂಗ್ ಜಾಗದಲ್ಲಿ ರಿಪೇರಿ ಮಾಡಬಾರದು ಅಂತ ಅನೇಕ ಕಡೆ ಬರೆದಿರುತ್ತದೆ.

ಈಗ ಕಾರ್ಬ್ಯುರೇಟರ್. ಇದರ ಕೆಳಗೆ ಒಂದು ಸಣ್ಣ ಬಟ್ಟಲಿದೆ, ಅದರೊಳಗೆ ತೇಲುವ ಫ್ಲೋಟ್. ಊರಿನ ಮನೆಯ ನೀರಿನ ಟ್ಯಾಂಕಿನಲ್ಲಿ ಚೆಂಡು ಮೇಲೆ ಬಂದ ಕೂಡಲೇ ನೀರು ನಿಲ್ಲೋದಿಲ್ಲವೇ, ಇದೂ ಅದೇ ಲೆಕ್ಕ. ಫ್ಲೋಟ್ ಮೇಲೆ ಬಂದು ಒಂದು ಸೂಜಿಯನ್ನ ಒತ್ತಿ ಪೆಟ್ರೋಲ್ ನಿಲ್ಲಿಸುತ್ತದೆ. ಸೂಜಿಯ ತುದಿ ಸವೆದರೆ, ಅಥವಾ ಕಸ ಸಿಕ್ಕಿಕೊಂಡರೆ ಪೆಟ್ರೋಲ್ ತುಂಬಿ ಚೆಲ್ಲುತ್ತದೆ.

ಲಕ್ಷಣ ನೋಡಿ ಊಹಿಸೋದು ಹೀಗೆ. ಚೋಕ್ ಎಳೆದಾಗ ಮಾತ್ರ ಓಡಿ, ಚೋಕ್ ಬಿಟ್ಟರೆ ನಿಂತುಹೋದರೆ ಐಡ್ಲಿಂಗ್ ಜೆಟ್ ಕಟ್ಟಿಕೊಂಡಿರೋ ಸಂಭವ ಹೆಚ್ಚು. ಪ್ಲಗ್ ಮಸಿ ಹಿಡಿದು ಕಪ್ಪಾಗಿದ್ದರೆ ಪೆಟ್ರೋಲ್ ಜಾಸ್ತಿ ಹೋಗ್ತಿದೆ, ಅಥವಾ ಏರ್ ಫಿಲ್ಟರ್ ಕಟ್ಟಿದೆ. ಪ್ಲಗ್ ಬೆಳ್ಳಗಾಗಿ, ಆಕ್ಸಿಲರೇಟರ್ ಬಿಟ್ಟಾಗ ಸೈಲೆನ್ಸರ್ ಪಟ್ ಪಟ್ ಅಂದರೆ ಪೆಟ್ರೋಲ್ ಕಮ್ಮಿ, ಅಥವಾ ಕಾರ್ಬ್ಯುರೇಟರಿಗೂ ಎಂಜಿನ್ನಿಗೂ ನಡುವಿನ ರಬ್ಬರ್ ಬಿರುಕು ಬಿಟ್ಟು ಗಾಳಿ ಎಳೀತಿದೆ.

ಇಲ್ಲಿ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಸಾಮಾನ್ಯವಾಗಿ ಶೇ. 10ರವರೆಗೆ ಎಥನಾಲ್ ಇರುತ್ತದೆ. ಅದು ಗಾಳಿಯ ತೇವ ಹೀರಿಕೊಳ್ಳುತ್ತದೆ, ಹಳೇ ಕಾಲದ ರಬ್ಬರಿಗೆ ಒಗ್ಗೋದಿಲ್ಲ. ಬೈಕು ತಿಂಗಳುಗಟ್ಟಲೆ ನಿಂತರೆ ಬಟ್ಟಲಿನಲ್ಲಿರೋ ಪೆಟ್ರೋಲ್ ಆರಿ ಅಂಟಾಗಿ ಜೆಟ್ ಮುಚ್ಚುತ್ತದೆ. ರಜಕ್ಕೆ ಊರಿಗೆ ಹೋಗೋ ಮುಂಚೆ ಬಟ್ಟಲು ಖಾಲಿ ಮಾಡಿ ಹೋಗಿ.

ಬಿಚ್ಚುವಾಗ ನೆನಪಿಡಿ: ಪ್ರತಿ ಹೆಜ್ಜೆಗೂ ಫೋನಲ್ಲಿ ಒಂದು ಫೋಟೋ. ಏರ್ ಸ್ಕ್ರೂ ತೆಗೆಯೋ ಮುಂಚೆ ಮೆಲ್ಲಗೆ ಒಳಕ್ಕೆ ತಿರುಗಿಸಿ, ಎಷ್ಟು ಸುತ್ತು ಹೋಯಿತು ಅಂತ ಬರೆದಿಟ್ಟುಕೊಳ್ಳಿ. ಮತ್ತೆ ಅಷ್ಟೇ ಸುತ್ತು ಹೊರಕ್ಕೆ ಬಿಡಬೇಕು. ಜೆಟ್ ಹಿತ್ತಾಳೆಯದು, ತಂತಿ ಹಾಕಿ ತೂತು ದೊಡ್ಡದು ಮಾಡಬೇಡಿ. ಕಾರ್ಬ್ ಕ್ಲೀನರ್ ಹೊಡೆದು ಗಾಳಿ ಊದಿ, ಬೆಳಕಿಗೆ ಹಿಡಿದರೆ ದುಂಡಗಿನ ತೂತು ಕಾಣಬೇಕು. ಕ್ಲೀನರ್ ಕಣ್ಣಿಗೆ, ರಬ್ಬರಿಗೆ ತಾಗಬಾರದು. ಜಪಾನಿ ಬೈಕಿನ ಸ್ಕ್ರೂಗೆ ಜಪಾನಿ ಅಳತೆಯ ಸ್ಕ್ರೂಡ್ರೈವರೇ ಬೇಕು, ಮಾಮೂಲಿ ಸ್ಟಾರ್ ಹಾಕಿದರೆ ತಲೆ ಕಿತ್ತುಹೋಗುತ್ತದೆ.

ಇನ್ನು ಆಯಿಲ್. ಮೊದಲು ಮಟ್ಟ ನೋಡಿ, ಆಮೇಲೆ ಮೂಸಿ. ಪೆಟ್ರೋಲ್ ವಾಸನೆ ಬಂದರೆ ಸ್ಟಾರ್ಟ್ ಮಾಡಲೇಬೇಡಿ. ತೆಳ್ಳಗಾದ ಎಣ್ಣೆಯಲ್ಲಿ ಬೇರಿಂಗ್ ಹೋಗುತ್ತದೆ. ಸಿಲಿಂಡರಿನಲ್ಲಿ ಪೆಟ್ರೋಲ್ ತುಂಬಿದ್ದರೆ ಪಿಸ್ಟನ್ ಅದನ್ನ ಕುಗ್ಗಿಸಲಾರದೆ ಕನೆಕ್ಟಿಂಗ್ ರಾಡೇ ಬಗ್ಗಬಹುದು. ಸೂಜಿ, ಪೆಟ್ರೋಲ್ ಕಾಕ್ ಎರಡನ್ನೂ ಸರಿ ಮಾಡಿ, ಎಣ್ಣೆ, ಫಿಲ್ಟರ್ ಬದಲಾಯಿಸಿ, ಆಮೇಲೆ ಸ್ಟಾರ್ಟ್.

ವಾಸನೆ ಇಲ್ಲ, ಆದರೂ ಸೋರ್ತಿದೆ ಅಂದ್ರೆ ಎಂಜಿನ್ ತೊಳೆದು ಒಣಗಿಸಿ, ಅನುಮಾನದ ಜಾಗಕ್ಕೆ ಟಾಲ್ಕಂ ಪೌಡರ್ ಉದುರಿಸಿ, ಹತ್ತು ನಿಮಿಷ ನಿಂತಲ್ಲೇ ಓಡಿಸಿ ನೋಡಿ. ಎಣ್ಣೆ ಕೆಳಕ್ಕೆ ಇಳಿಯುತ್ತದೆ, ಗಾಳಿಗೆ ಹಿಂದಕ್ಕೆ ಹೋಗುತ್ತದೆ. ಆದ್ದರಿಂದ ಹನಿ ಬೀಳುವ ಜಾಗ ಮೂಲ ಅಲ್ಲ. ಒದ್ದೆಯಾದ ಭಾಗದಲ್ಲಿ ಎಲ್ಲಕ್ಕಿಂತ ಮೇಲಿನ, ಮುಂದಿನ ಜಾಗ ಹುಡುಕಿ. ಸಾಮಾನ್ಯವಾಗಿ ಸಿಗೋದು ಮೇಲಿನ ಮುಚ್ಚಳದ ಗ್ಯಾಸ್ಕೆಟ್, ಚೈನಿನ ಮುಂದಿನ ಸ್ಪ್ರಾಕೆಟ್ ಹಿಂದಿನ ಸೀಲ್, ಇಲ್ಲವೇ ಡ್ರೈನ್ ಬೋಲ್ಟಿನ ವಾಷರ್. ಡ್ರೈನ್ ಬೋಲ್ಟಿಗೆ ಹೊಸ ವಾಷರ್ ಹಾಕಿ. ಶಕ್ತಿ ಇದೆ ಅಂತ ಬಿಗಿದರೆ ಅಲ್ಯೂಮಿನಿಯಂ ಮರೆ ಕಿತ್ತು ಬರುತ್ತದೆ. ಸೀಲೆಂಟ್ ಅತಿಯಾಗಿ ಬಳಿದರೆ ಒಳಗೆ ತುಂಡಾಗಿ ಆಯಿಲ್ ದಾರಿ ಮುಚ್ಚಬಹುದು. ಲೆಕ್ಕ ತಾಳೆಯಾಗದಿದ್ದಾಗ ವ್ಯತ್ಯಾಸವನ್ನ ಸಸ್ಪೆನ್ಸ್ ಖಾತೆಗೆ ತಳ್ಳೋ ಹಾಗೆ ನಾನು ಸೀಲೆಂಟ್ ಬಳಿದಿದ್ದೆ. ತಪ್ಪು ಅಲ್ಲೇ ಇರುತ್ತದೆ, ಕಾಣೋದಿಲ್ಲ ಅಷ್ಟೇ.

ಕ್ಲಚ್ ಎಣ್ಣೆಯಲ್ಲೇ ಮುಳುಗಿರೋ ಬೈಕಿಗೆ ಡಬ್ಬದ ಮೇಲೆ ಜಾಸೋ ಎಂಎ ಅಂತ ಇರೋ ಆಯಿಲ್ ಹಾಕಿ. ಕಾರಿನ ಕೆಲವು ಆಯಿಲುಗಳಿಗೆ ಕ್ಲಚ್ ಜಾರುತ್ತದೆ. ಹಳೇ ಎಣ್ಣೆಯನ್ನ ಚರಂಡಿಗೆ ಸುರಿಯಬೇಡಿ. ಬಿಡಿಭಾಗದ ಅನೇಕ ಅಂಗಡಿಗಳು ತಗೋತಾರೆ. ಪೆಟ್ರೋಲ್ ಸೇರಿದ ಎಣ್ಣೆಯನ್ನ ಮಾತ್ರ ಬೇರೆ ಡಬ್ಬದಲ್ಲಿಟ್ಟು, ಅಪಾಯಕಾರಿ ಕಸ ತಗೊಳ್ಳೋ ಕಡೆ ಕೊಡಬೇಕು.

ಹಿಂದಿನ ಟೈರಿಗೋ ಬ್ರೇಕಿಗೋ ಎಣ್ಣೆ ತಾಗಿದ್ದರೆ, ಕೆಲಸಕ್ಕೆ ಲೇಟಾದರೂ ಸರಿ, ಬೈಕು ತೆಗೀಬೇಡಿ. ಟೆಕ್ಸಾಸಿನಲ್ಲಿ 2025ರ ಜನವರಿ 1ರಿಂದ ಸ್ವಂತ ಬಳಕೆಯ ವಾಹನಗಳಿಗೆ ವರ್ಷದ ಸುರಕ್ಷತಾ ತಪಾಸಣೆ ಇಲ್ಲ. ಅಂದ್ರೆ ನಿಮ್ಮ ಬ್ರೇಕು, ಲೈಟು, ಟೈರನ್ನ ಇನ್ನು ಮೇಲೆ ನೀವೇ ನೋಡಿಕೊಳ್ಳಬೇಕು. ಕಾರಿನ ಲೈಸೆನ್ಸ್ ಬೈಕಿಗೆ ಸಾಲದು, ಎಂ ದರ್ಜೆ ಬೇಕು. ಕೊಂಡ 30 ದಿನದೊಳಗೆ ಟೈಟಲ್ ನಿಮ್ಮ ಹೆಸರಿಗೆ ಬದಲಿಸಲು ಅರ್ಜಿ ಹಾಕಿ.

ಇನ್ನೊಂದು ಮಾತು. ಎಚ್-1ಬಿ ಮೇಲಿರೋರು ಸ್ವಂತ ಬೈಕು ಧಾರಾಳವಾಗಿ ರಿಪೇರಿ ಮಾಡ್ಕೊಳ್ಳಿ. ಕೈ ಪಳಗಿತು ಅಂತ ಬೇರೆಯವರ ಬೈಕು ಮಾಡಿ ಕೂಲಿ ತಗೋಬೇಡಿ. ಅದು ಅನುಮತಿ ಇಲ್ಲದ ಕೆಲಸ ಅನ್ನಿಸಿಕೊಂಡು ವೀಸಾಕ್ಕೇ ಕುತ್ತು ಬರಬಹುದು.

ಕೊನೆಗೆ ನನ್ನ ಬೈಕು ಸರಿಯಾದದ್ದು ಕಾರ್ಬ್ಯುರೇಟರಿಗೆ ಎರಡು ಹೊಸ ಸೂಜಿ, ಪೆಟ್ರೋಲ್ ಕಾಕಿಗೆ ಒಂದು ರಬ್ಬರ್, ಒಂದು ಸಲದ ಆಯಿಲ್, ಇಷ್ಟರಲ್ಲಿ. ಮೊದಲು ತರಿಸಿದ ಗ್ಯಾಸ್ಕೆಟ್ ಬೇಕಾಗಿಯೇ ಇರಲಿಲ್ಲ. ಫೋನಲ್ಲಿ ಅಪ್ಪನಿಗೆ ಎಲ್ಲ ಹೇಳಿದೆ. ಅವರು ಕೇಳಿದ್ದು ಒಂದೇ ಮಾತು: "ರಾತ್ರಿ ಕಾಕ್ ಆಫ್ ಮಾಡ್ತಿರಲಿಲ್ವೇನೋ?" ಯೆಜ್ಡಿ ನಿಲ್ಲಿಸಿದ ಕೂಡಲೇ ಅವರ ಕೈ ತಾನಾಗಿ ಕಾಕಿಗೆ ಹೋಗುತ್ತಿತ್ತು. ದಿನಾ ನೋಡಿದ್ದೆ, ಕಲಿತಿರಲಿಲ್ಲ.

ನೀವು ಇವತ್ತು ಮನೆಗೆ ಹೋದ ಕೂಡಲೇ ಆ ಒಂದು ಕೆಲಸ ಮಾಡಿ. ಕಾಕ್ ಆಫ್ ಮಾಡಿ, ಕಡ್ಡಿ ಎತ್ತಿ ಎಣ್ಣೆ ನೋಡಿ, ಮೂಸಿ. ಖರ್ಚು ಏನೂ ಇಲ್ಲ.