ತುರ್ತಿಗೆ ಯಾರ ಹೆಸರು?



ಎಂ.ಎಸ್. ಮುಗಿಸಿದ ನಮ್ಮ ಹುಡುಗ ಹುಡುಗಿಯರು ರೆಡ್ಮಂಡ್, ಸಿಯಾಟಲ್‌ಗಳ ದೊಡ್ಡ ಕಂಪನಿಗಳಿಗೆ ಪ್ರತಿವರ್ಷ ಬಂದು ಸೇರುತ್ತಾರೆ. ಸಂಬಳಕ್ಕೇನೂ ಕೊರತೆಯಿಲ್ಲ. ಆದರೆ ಡಿಸೆಂಬರಿನಲ್ಲಿ ಇಲ್ಲಿ ಸಂಜೆ 4.30ರೊಳಗೆ ಸೂರ್ಯ ಮುಳುಗಿದ ಮೇಲೆ ಅವರನ್ನು ಮಾತನಾಡಿಸುವವರು ಯಾರು?

ಅಪೆಂಡಿಸೈಟಿಸ್ ಆಗಿ ಎಮರ್ಜೆನ್ಸಿಗೆ ಬಂದ ಹುಡುಗನೊಬ್ಬನನ್ನು ನಾವು ಕಂಡೆವು. ಬಿಲ್ಲಿಗೆ ಹೆದರಿ ಎರಡು ದಿನ ನೋವು ನುಂಗಿಕೊಂಡಿದ್ದನಂತೆ, ಕೈಯಲ್ಲಿ ಕಂಪನಿಯ ವಿಮೆ ಇಟ್ಟುಕೊಂಡು! ತುರ್ತಿಗೆ ಯಾರನ್ನು ಕರೆಯಬೇಕೆಂಬಲ್ಲಿ ಮ್ಯಾನೇಜರ್ ಹೆಸರು ಬರೆದಿದ್ದ. ಊರಿನಲ್ಲಿದ್ದ ತಾಯಿಗೆ ಕೊನೆಗೆ ಫೋನ್ ಮಾಡಿದ್ದು ನಾವೇ.

ಬಹಳಷ್ಟು ದೊಡ್ಡ ಕಂಪನಿಗಳಲ್ಲಿ ನೌಕರರಿಗೆ ಉಚಿತ ಆಪ್ತಸಲಹೆ ಇದೆ; ಅಲ್ಲಿ ಆಡಿದ ಮಾತು ಮ್ಯಾನೇಜರಿಗೆ ಹೋಗುವುದಿಲ್ಲ. ಮನಸ್ಸು ತೀರಾ ಕುಸಿದಾಗ ಹಗಲು ರಾತ್ರಿ ಕರೆಯಬಹುದಾದ 988 ಎಂಬ ನಂಬರು 2022ರಿಂದ ದೇಶದಾದ್ಯಂತ ಇದೆ. ಇದನ್ನೆಲ್ಲ ನಮ್ಮ ಮಕ್ಕಳು ಕೇಳುವುದಿಲ್ಲ. ಕೆಲಸ ಹೋದರೆ ಎಚ್-1ಬಿಯವರಿಗೆ ಹೆಚ್ಚೆಂದರೆ 60 ದಿನ. ಆ ಭಯವೇ ಬಾಯಿ ಕಟ್ಟುತ್ತದೆ.

ರಾಜ್ಯೋತ್ಸವಕ್ಕೆ ಬನ್ನಿ ಎಂದರೆ ಸಾಲದು. ಸಂಕೋಚದವರು, ಕಾರಿಲ್ಲದವರು, ನಾವೇ ಹೋಗಿ ಕರೆತರಬೇಕು. ಸಾರು-ಅನ್ನ ಸಾಕು, ಹೋಳಿಗೆ ಬೇಡ.

ತುರ್ತಿಗೆ ತಮ್ಮ ಹೆಸರು ಕೊಡಲು ಒಪ್ಪುವ ಮನೆಗಳಿಗಾಗಿ ಊಟದ ಹಾಲಿನ ಬಾಗಿಲಲ್ಲಿ ಒಂದು ಪುಸ್ತಕ ಇಟ್ಟಿದ್ದೇವೆ. ಮೊದಲ ಸಾಲಿನಲ್ಲಿ ನಮ್ಮ ಮನೆಯ ನಂಬರಿದೆ.