ಋತುಬಂಧದ ವಯಸ್ಸು ಮತ್ತು ಸ್ನಾಯುಬಲ: ಗ್ರಾಮ ಪಂಚಾಯಿತಿಗಳ ಪಾತ್ರ

(ಗ್ರಾಮ ಪಂಚಾಯಿತಿ ಸದಸ್ಯರಿಗೆ ನೀಡಿದ ಉಪನ್ಯಾಸದ ಪಠ್ಯ)



ಮಹಿಳೆಯರ ಆರೋಗ್ಯವೆಂದರೆ ಗರ್ಭಿಣಿ ಮತ್ತು ಬಾಣಂತಿಯರ ಆರೈಕೆ ಎಂಬ ಭಾವನೆ ಗ್ರಾಮಗಳಲ್ಲಿ ಬೇರೂರಿದೆ. ಹೆರಿಗೆಯ ವಯಸ್ಸು ದಾಟಿದವರತ್ತ ಗಮನ ಕಡಿಮೆ. ಭಾರತದಲ್ಲಿ ಮುಟ್ಟು ನಿಲ್ಲುವ ಸರಾಸರಿ ವಯಸ್ಸು ಸುಮಾರು 46ರಿಂದ 47 ವರ್ಷ. ಅನಂತರವೂ ಎರಡು ಮೂರು ದಶಕಗಳ ಬದುಕು ಉಳಿದಿರುತ್ತದೆ. ಅದನ್ನು ಸ್ವಂತ ಕಾಲಿನ ಮೇಲೆ ಕಳೆಯುವುದೋ, ಅನ್ಯರ ಆಸರೆಯಲ್ಲಿ ಕಳೆಯುವುದೋ ಎಂಬುದು ಬಹುಮಟ್ಟಿಗೆ ಸ್ನಾಯು ಮತ್ತು ಮೂಳೆಗಳನ್ನು ಅವಲಂಬಿಸಿದೆ.

ಋತುಬಂಧದ ಅವಧಿಯಲ್ಲಿ ಈಸ್ಟ್ರೋಜನ್ ಹಾರ್ಮೋನು ಇಳಿಯುತ್ತದೆ. ಮೂಳೆ ಸವೆಯುವ ವೇಗ ಹೆಚ್ಚುತ್ತದೆ. ಸೊಂಟ, ತೊಡೆಗಳಲ್ಲಿ ಸೇರುತ್ತಿದ್ದ ಕೊಬ್ಬು ಹೊಟ್ಟೆಯ ಭಾಗದಲ್ಲಿ ಸಂಗ್ರಹವಾಗತೊಡಗುತ್ತದೆ. ಇದರಿಂದ ಮಧುಮೇಹ ಮತ್ತು ಹೃದ್ರೋಗದ ಅಪಾಯ ಹೆಚ್ಚುತ್ತದೆ. ಅಮೆರಿಕದ ಮಹಿಳೆಯರನ್ನು ಹಲವು ವರ್ಷ ಗಮನಿಸಿದ 'ಸ್ವಾನ್' ಅಧ್ಯಯನದ 2019ರ ವರದಿಯಂತೆ, ಈ ಅವಧಿಯಲ್ಲಿ ಕೊಬ್ಬು ಸೇರುವ ವೇಗ ಸುಮಾರು ಇಮ್ಮಡಿಯಾಯಿತು, ಸ್ನಾಯುವಿನ ಅಂಶ ಇಳಿಯತೊಡಗಿತು; ಆದರೆ ತೂಕ ಏರುವ ವೇಗ ಬದಲಾಗಲಿಲ್ಲ. ಆದ್ದರಿಂದ ತೂಕದ ಯಂತ್ರವೊಂದನ್ನೇ ನಂಬಿದರೆ ಒಳಗಿನ ನಷ್ಟ ತಿಳಿಯದು.

ಈ ನಷ್ಟವನ್ನು ತಡೆಯುವ ಮುಖ್ಯ ಉಪಾಯ ಸ್ನಾಯುಬಲದ ವ್ಯಾಯಾಮ. ವಯಸ್ಕರು ವಾರಕ್ಕೆ ಕನಿಷ್ಠ ಎರಡು ದಿನ ಇದನ್ನು ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು 2020ರ ಮಾರ್ಗಸೂಚಿಯಲ್ಲಿ ತಿಳಿಸಿದೆ. ಆಸ್ಟ್ರೇಲಿಯಾದಲ್ಲಿ ಮೂಳೆಸಾಂದ್ರತೆ ಕುಗ್ಗಿದ್ದ 101 ಮಹಿಳೆಯರ ಮೇಲೆ ಎಂಟು ತಿಂಗಳ ಪ್ರಯೋಗ ನಡೆಯಿತು. ತಜ್ಞರ ಮೇಲ್ವಿಚಾರಣೆಯಲ್ಲಿ ವಾರಕ್ಕೆ ಎರಡು ಬಾರಿ, ಅರ್ಧ ಗಂಟೆ ಭಾರ ಎತ್ತಿದವರ ಬೆನ್ನುಮೂಳೆಯ ಸಾಂದ್ರತೆ ಸುಮಾರು ಶೇ. 2.9ರಷ್ಟು ಹೆಚ್ಚಿತು, ಮನೆಯಲ್ಲಿ ಲಘು ವ್ಯಾಯಾಮ ಮಾಡಿದವರಲ್ಲಿ ಶೇ. 1.2ರಷ್ಟು ಕುಸಿಯಿತು.

ಹೊಲದಲ್ಲಿ ದುಡಿದು, ನೀರು ಹೊತ್ತು ಬರುವವರಿಗೆ ವ್ಯಾಯಾಮವೇಕೆ ಎಂಬ ಪ್ರಶ್ನೆ ಸಹಜ. ದುಡಿಮೆಯಲ್ಲಿ ಅದೇ ಭಂಗಿ, ಅದೇ ಭಾರ ಪ್ರತಿದಿನ ಮರುಕಳಿಸುತ್ತದೆ. ದೇಹ ಅದಕ್ಕೆ ಒಗ್ಗಿಹೋಗುತ್ತದೆ, ವಿಶ್ರಾಂತಿಯೂ ದೊರೆಯದು. ವ್ಯಾಯಾಮದಲ್ಲಿ ಭಾರವನ್ನು ಅಳತೆಯಿಂದ ಹೆಚ್ಚಿಸುತ್ತಾ, ನಡುವೆ ಬಿಡುವು ನೀಡಲಾಗುತ್ತದೆ. ಕೈಯೂರದೆ ಕುರ್ಚಿಯಿಂದ ಎದ್ದು ಕೂರುವುದು, ಗೋಡೆಗೆ ಕೈಯೂರಿ ದಂಡ ಹೊಡೆಯುವುದು, ಮರಳು ತುಂಬಿದ ಸಣ್ಣ ಚೀಲ ಎತ್ತಿಳಿಸುವುದು ಇವುಗಳಿಂದ ಆರಂಭಿಸಬಹುದು. ಒಂದೊಂದನ್ನು 8ರಿಂದ 12 ಬಾರಿ ಮಾಡಿ, ಸುಲಭವೆನಿಸಿದಾಗ ಭಾರ ಹೆಚ್ಚಿಸಬೇಕು. ಕಾಳು, ಹಾಲು, ಮೊಟ್ಟೆ, ಶೇಂಗಾ ಊಟದಲ್ಲಿರಬೇಕು. ಎಲ್ಲರೂ ಉಂಡ ಮೇಲೆ ಉಳಿದುದನ್ನು ಉಣ್ಣುವ ಗೃಹಿಣಿಗೆ ಸ್ನಾಯು ಬೆಳೆಸುವ ಆಹಾರ ದೊರೆಯುವುದು ಕಷ್ಟ.

ಪಂಚಾಯಿತಿಗಳು ಕೈಗೊಳ್ಳಬಹುದಾದ ಕ್ರಮಗಳು ಹೀಗಿವೆ:

1. ಮಹಿಳಾ ಗ್ರಾಮ ಸಭೆಯಲ್ಲಿ ಈ ವಿಷಯವನ್ನು ಚರ್ಚೆಗೆ ತರುವುದು.
2. ಸಮುದಾಯ ಭವನವನ್ನು ವಾರಕ್ಕೆ ಎರಡು ದಿನ, ಮಹಿಳೆಯರಿಗೆ ಅನುಕೂಲವಾದ ಹೊತ್ತಿನಲ್ಲಿ, ಬೆಳಕು ಮತ್ತು ಮರೆಯ ವ್ಯವಸ್ಥೆಯೊಂದಿಗೆ ಒದಗಿಸುವುದು.
3. ಸ್ವಸಹಾಯ ಗುಂಪುಗಳ ಮೂಲಕ ತಂಡ ರಚಿಸಿ, ಬಲ್ಲವರಿಂದ ತರಬೇತಿ ಕೊಡಿಸುವುದು.
4. ಆರಂಭಕ್ಕೆ ಮುನ್ನ ಸಮುದಾಯ ಆರೋಗ್ಯಾಧಿಕಾರಿಯಿಂದ ರಕ್ತದೊತ್ತಡ ತಪಾಸಣೆ ಮಾಡಿಸುವುದು. ಮೂಳೆ ಮುರಿತ, ಗರ್ಭಕೋಶ ಜಾರುವಿಕೆ ಅಥವಾ ಹೃದಯದ ತೊಂದರೆಯುಳ್ಳವರು ವೈದ್ಯರ ಸಲಹೆಯಿಲ್ಲದೆ ಭಾರ ಎತ್ತಬಾರದು.

ಪಂಚಾಯಿತಿಯ ಅರ್ಧದಷ್ಟು ಸ್ಥಾನಗಳು ಮಹಿಳೆಯರಿಗೆ ಮೀಸಲಾಗಿವೆ. ಮುಟ್ಟು ನಿಲ್ಲುವ ವಿಷಯವನ್ನು ಸಂಕೋಚವಿಲ್ಲದೆ ಸಭೆಯ ಮುಂದಿಡಲು ಇದಕ್ಕಿಂತ ತಕ್ಕ ವೇದಿಕೆ ಬೇರಿಲ್ಲ. ಪುರುಷ ಸದಸ್ಯರೂ ಇದನ್ನು ತಮ್ಮ ಮನೆಯ ವಿಷಯವೆಂದೇ ಪರಿಗಣಿಸಬೇಕು. ಬಿದ್ದು ಸೊಂಟ ಮುರಿದ ಮೇಲೆ ಆಗುವ ಖರ್ಚಿನ ಮುಂದೆ ಒಂದು ಕೊಠಡಿ, ಕೆಲವು ಕುರ್ಚಿ ಮತ್ತು ಮರಳಿನ ಚೀಲಗಳ ವೆಚ್ಚ ಅತ್ಯಲ್ಪ.